ಶರ್ಟ್ ಒಳಗೆ ಇಟ್ಕೊಳ್ಳೋ ಪಿಸ್ತೂಲ್ ಆರಿಸೋದು ಹೇಗೆ: ಟೆಕ್ಸಾಸ್ ಕಡೆ ಇರೋ ನಮ್ಮವರಿಗೆ

ಹೋದ ತಿಂಗಳು ಭಾವ ಫೋನ್ ಮಾಡಿ "ಒಂದು ಪಿಸ್ತೂಲ್ ತಗೋಬೇಕು ಅಂತಿದೀನಿ ಕಣೋ, ಶರ್ಟ್ ಒಳಗೆ ಇಟ್ಕೊಂಡು ಓಡಾಡೋ ಹಾಗಿರ್ಬೇಕು, ಯಾವ್ದು ತಗೊಳ್ಲಿ, ಒಂದು ಹೆಸರು ಹೇಳು ಸಾಕು" ಅಂದ್ರು. ಅವ್ರು ಡ್ಯಾಲಸ್ ಹತ್ರ ಗ್ಯಾಸ್ ಸ್ಟೇಷನ್ ನಡೆಸ್ತಾರೆ, ಸಿಟಿಜನ್‌ಶಿಪ್ ಬಂದು ಒಂದು ವರ್ಷ ಆಯ್ತು, ರಾತ್ರಿ ಹನ್ನೊಂದರ ಮೇಲೆ ಒಬ್ರೇ ಅಂಗಡಿ ಮುಚ್ಚಿ ಕ್ಯಾಶ್ ತಗೊಂಡು ಮನೆಗೆ ಬರ್ತಾರೆ, ಅವ್ರ ಭಯ ನಂಗೆ ಅರ್ಥ ಆಗುತ್ತೆ. ಆದ್ರೆ ಹೆಸರು ಕೇಳ್ಕೊಂಡು ಹೋಗಿ ತಗೊಂಡವರ ಪಿಸ್ತೂಲು ಆರು ತಿಂಗಳಲ್ಲಿ ಬೀರು ಸೇರೋದನ್ನ ನಾನು ಎಷ್ಟೋ ಮನೇಲಿ ನೋಡಿದೀನಿ. ಒಂದೋ ಭಾರ ಅಂತ ಬಿಟ್ಟಿರ್ತಾರೆ, ಇಲ್ಲಾ ಒಂದೇ ಒಂದು ಸಲ ರೇಂಜ್‌ಗೆ, ಅಂದ್ರೆ ಗುಂಡು ಹೊಡೆದು ಅಭ್ಯಾಸ ಮಾಡೋ ಜಾಗಕ್ಕೆ, ಹೋಗಿ ಕೈ ನೋವಾಗಿ ಮತ್ತೆ ಮುಟ್ಟಿರಲ್ಲ. ಅದಕ್ಕೆ ಅವತ್ತು ಭಾವಂಗೆ ಎರಡು ಗಂಟೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಾನು ಮಲೆನಾಡಿನವನು. ಅಜ್ಜನ ಮನೇಲಿ ಕೋವಿ ಇತ್ತು, ಕಾಡುಹಂದಿ ಕಾಟಕ್ಕೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿದ್ದ ತೋಟೆ ಕೋವಿ. ಎಲೆಕ್ಷನ್ ಬಂದ್ರೆ ಸ್ಟೇಷನ್‌ಗೆ ಹೋಗಿ ಠೇವಣಿ ಇಟ್ಟು ಬರೋದು, ಮುಗಿದ ಮೇಲೆ ಮತ್ತೆ ಹೋಗಿ ತರೋದು, ಆಯುಧಪೂಜೆಗೆ ಒರೆಸಿ ಎಣ್ಣೆ ಹಚ್ಚಿ ಕುಂಕುಮ ಇಡೋದು. ಆ ಕೋವಿ ಖಾಲಿ ಇದ್ದಾಗಲೂ ಅಜ್ಜ ಅದರ ಬಾಯಿ ಮನುಷ್ಯರ ಕಡೆ ತಿರುಗಿಸ್ತಾ ಇರ್ಲಿಲ್ಲ, ನಾವು ಮಕ್ಕಳು ಯಾರಾದ್ರೂ ಎದುರಿಗೆ ಹಾದುಹೋದ್ರೆ ನಿಂತು, ಬಾಯಿ ನೆಲಕ್ಕೆ ಮಾಡಿ, ನಾವು ದಾಟಿದ ಮೇಲೆ ಹೆಜ್ಜೆ ಇಡ್ತಾ ಇದ್ರು. ಆದ್ರೆ ಕೋವಿ ಗೊತ್ತಿದ್ದ ಮಾತ್ರಕ್ಕೆ ಪಿಸ್ತೂಲ್ ಗೊತ್ತಾಗಲ್ಲ. ಕೋವಿ ಉದ್ದ ಇರುತ್ತೆ, ಭುಜಕ್ಕೆ ಆನಿಸ್ಕೋತೀವಿ, ಬಾಯಿ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತೆ. ಪಿಸ್ತೂಲ್ ಅಂಗೈ ಅಗಲ, ಮಣಿಕಟ್ಟು ಸ್ವಲ್ಪ ತಿರುಗಿದ್ರೆ ಬಾಯಿ ಪಕ್ಕದವನ ಹೊಟ್ಟೆ ಕಡೆ ಹೋಗಿರುತ್ತೆ. ಊರಲ್ಲಿ ಹಂದಿ ಹೊಡೆದಿದೀನಿ ನಂಗೇನು ಅನ್ನೋರೇ ರೇಂಜ್‌ನಲ್ಲಿ ಹೆಚ್ಚು ತಪ್ಪು ಮಾಡೋದು, ಇದು ನಾನು ನೋಡಿ ಹೇಳ್ತಿರೋದು.

ಮಾಡೆಲ್ ವಿಷಯಕ್ಕೆ ಬರೋ ಮೊದಲು ಕಾನೂನು. ಅಂಗಡಿಗೆ ಹೋಗೋ ಮುಂಚೆ ನಿಮ್ಮ ವೀಸಾ ನೋಡ್ಕೊಳ್ಳಿ. ಸಿಟಿಜನ್ ಇದ್ರೆ, ಗ್ರೀನ್ ಕಾರ್ಡ್ ಇದ್ರೆ ತಗೋಬಹುದು. ಎಚ್-1ಬಿ, ಎಚ್-4, ಎಲ್-1, ಎಫ್-1 ಇವೆಲ್ಲ ಫೆಡರಲ್ ಕಾನೂನಿನ ಲೆಕ್ಕದಲ್ಲಿ ನಾನ್ ಇಮಿಗ್ರೆಂಟ್ ವೀಸಾ, ಇವರಿಗೆ ಗನ್ ಆಗಲಿ ಗುಂಡಾಗಲಿ ಇಟ್ಕೊಳ್ಳೋದಕ್ಕೇ ನಿಷೇಧ ಇದೆ. ಹಂಟಿಂಗ್ ಲೈಸೆನ್ಸ್ ಇರೋರಿಗೆ ಅಂತ ಒಂದು ವಿನಾಯಿತಿ ಇದೆ ನಿಜ, ಆದ್ರೆ ಯಾರೋ ಹೇಳಿದ್ರು ಅಂತ ಅದನ್ನ ನಂಬ್ಕೊಂಡು ಹೋಗ್ಬೇಡಿ, ಇಮಿಗ್ರೇಷನ್ ವಕೀಲರ ಹತ್ರ ಕೂತು ಮಾತಾಡಿ ಆಮೇಲೆ ಮುಂದಿನ ಹೆಜ್ಜೆ ಇಡಿ. ರೇಂಜ್‌ಗೆ ಹೋಗಿ ಬಾಡಿಗೆಗೆ ತಗೊಂಡು ಹೊಡೆಯೋದಕ್ಕೂ ಇದೇ ಪ್ರಶ್ನೆ ಬರುತ್ತೆ, ಬಹಳ ಜನಕ್ಕೆ ಇದು ಗೊತ್ತೇ ಇರಲ್ಲ. ಅಂಗಡೀಲಿ 4473 ಅಂತ ಒಂದು ಫಾರ್ಮ್ ತುಂಬಿಸ್ತಾರೆ, ಆಮೇಲೆ ಬ್ಯಾಕ್‌ಗ್ರೌಂಡ್ ಚೆಕ್ ಆಗುತ್ತೆ. ಆ ಫಾರ್ಮ್‌ನಲ್ಲಿ ಒಂದು ಉತ್ತರ ಗೊತ್ತಿದ್ದೂ ಸುಳ್ಳು ಬರೆದ್ರೆ ಅದು ಫೆಡರಲ್ ಅಪರಾಧ, ಹದಿನೈದು ವರ್ಷ ಕಾದು ಕೂತಿರೋ ಗ್ರೀನ್ ಕಾರ್ಡ್ ಒಂದು ಟಿಕ್ ಮಾರ್ಕ್‌ಗೆ ಹೋಗಿಬಿಡುತ್ತೆ. ಇನ್ನೊಂದು, ನಮ್ಮವರಲ್ಲಿ ಬಹಳ ಸಲೀಸಾಗಿ ಬರೋ ಮಾತು, "ನನ್ನ ಫ್ರೆಂಡ್ ಸಿಟಿಜನ್, ಅವ್ನ ಹೆಸರಲ್ಲಿ ತಗೊಂಡು ನಾನು ದುಡ್ಡು ಕೊಟ್ಬಿಡ್ತೀನಿ". ಇದಕ್ಕೆ ಸ್ಟ್ರಾ ಪರ್ಚೇಸ್ ಅಂತಾರೆ, ಇಬ್ಬರೂ ಸಿಕ್ಕಿ ಬೀಳ್ತೀರಾ. ಗಂಡ ಸಿಟಿಜನ್ ಆಗಿ ಹೆಂಡತಿ ಇನ್ನೂ ವೀಸಾದಲ್ಲಿದ್ರೆ ಸೇಫ್‌ನ ಕೋಡ್ ಗಂಡನ ಹತ್ರ ಮಾತ್ರ ಇರಲಿ, ಹೆಂಡತಿ ವೀಸಾಗೆ ತೊಂದರೆ ಆಗ್ಬಾರದು ಅಂತ ಹೇಳ್ತಿರೋದು.

ಟೆಕ್ಸಾಸಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಬೇರೆ ಯಾವ ನಿಷೇಧನೂ ಇಲ್ಲದ ವ್ಯಕ್ತಿ ಲೈಸೆನ್ಸ್ ಇಲ್ದೇನೇ ಹ್ಯಾಂಡ್‌ಗನ್ ಇಟ್ಕೊಂಡು ಓಡಾಡಬಹುದು. ಹಾಗಿದ್ರೂ ನಾನು ಎಲ್‌ಟಿಸಿ, ಅಂದ್ರೆ ಲೈಸೆನ್ಸ್ ಟು ಕ್ಯಾರಿ, ಮಾಡಿಸ್ಲೇಬೇಕು ಅಂತೀನಿ. ಫೀಸು 40 ಡಾಲರ್, ಕ್ಲಾಸ್ ಒಂದು ದಿನದೊಳಗೆ ಮುಗಿಯುತ್ತೆ, 50 ಗುಂಡಿನ ಟೆಸ್ಟ್, 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಆ ಕ್ಲಾಸಲ್ಲಿ ಕೂತಾಗಲೇ ಎಲ್ಲಿ ಒಯ್ಯಬಾರದು ಅನ್ನೋದು ತಲೆಗೆ ಹೋಗೋದು. ಶಾಲೆ, ಕೋರ್ಟು, ವೋಟ್ ಹಾಕೋ ಜಾಗ, ಏರ್‌ಪೋರ್ಟ್‌ನಲ್ಲಿ ಸೆಕ್ಯೂರಿಟಿ ದಾಟಿದ ಕಡೆ, ಕುಡಿಯೋದೇ ಮುಖ್ಯ ವ್ಯಾಪಾರ ಆಗಿರೋ ಬಾರು, ಅಂಥ ಬಾರಲ್ಲಿ ಕೆಂಪಕ್ಷರದಲ್ಲಿ 51% ಅಂತ ಬೋರ್ಡ್ ಹಾಕಿರ್ತಾರೆ. 30.06 ಅಂತ ಬೋರ್ಡ್ ಇದ್ರೆ ಮುಚ್ಚಿಟ್ಟುಕೊಂಡೂ ಒಳಗೆ ಹೋಗಬಾರದು. ಲೈಸೆನ್ಸ್ ಇದ್ರೆ ಒಕ್ಲಹೋಮ, ಲೂಯಿಸಿಯಾನ ಸೇರಿ ಮೂವತ್ತಕ್ಕೂ ಹೆಚ್ಚು ರಾಜ್ಯದಲ್ಲಿ ನಡೆಯುತ್ತೆ, ಕ್ಯಾಲಿಫೋರ್ನಿಯಾ ನ್ಯೂಯಾರ್ಕ್ ನ್ಯೂಜೆರ್ಸಿಯಲ್ಲಿ ನಡೆಯಲ್ಲ. ಆ ರಾಜ್ಯಗಳಲ್ಲಿ ಇರೋರು ಇದನ್ನ ಓದ್ತಿದ್ರೆ ನೆನಪಿಡಿ, ನಿಮ್ಮಲ್ಲಿ ಮ್ಯಾಗಜೀನ್‌ಗೆ, ಅಂದ್ರೆ ಹಿಡಿಯೊಳಗೆ ಹೋಗೋ ಗುಂಡಿನ ಡಬ್ಬಿಗೆ, 10 ಗುಂಡು ಮಾತ್ರ, ಕ್ಯಾಲಿಫೋರ್ನಿಯಾದಲ್ಲಂತೂ ಅಂಗಡೀಲಿ ಯಾವ ಮಾಡೆಲ್ ಮಾರಬಹುದು ಅನ್ನೋ ಪಟ್ಟಿನೇ ಬೇರೆ.

ಸರಿ, ಈಗ ಪಿಸ್ತೂಲು. ಅಂಗಡಿ ಕೌಂಟರಲ್ಲಿ ನಿಂತಾಗ ಎಲ್ಲರ ಕಣ್ಣೂ ಹೋಗೋದು ಅತಿ ಚಿಕ್ಕದರ ಕಡೆ. ಅಂಗೈಲಿ ಮುಚ್ಕೊಳ್ಳುತ್ತೆ, ಜೇಬಲ್ಲಿ ಇಟ್ರೂ ಗೊತ್ತಾಗಲ್ಲ, ಇದೇ ಸಾಕು ಅನ್ಸುತ್ತೆ. ಇಲ್ಲೇ ಎಡವೋದು. ಪಿಸ್ತೂಲ್ ಹಗುರ ಆದಷ್ಟೂ ಒದೆತ ಜಾಸ್ತಿ, ಹಿಡಿ ಚಿಕ್ಕದಾದಷ್ಟೂ ಕಿರುಬೆರಳು ಗಾಳೀಲಿ ತೇಲುತ್ತೆ, ನಳಿಗೆ ಗಿಡ್ಡ ಆದಷ್ಟೂ ಗುರಿ ನೋಡೋ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ದೂರ ಕಡಿಮೆಯಾಗಿ ಕೈ ಒಂದು ಕೂದಲೆಳೆ ಅಲುಗಿದ್ರೂ ಗುಂಡು ಎಲ್ಲೋ ಹೋಗುತ್ತೆ. ರೂಗರ್ ಎಲ್‌ಸಿಪಿ ಅಂತ ಒಂದಿದೆ, 2008ರಲ್ಲಿ ಬಂದಿದ್ದು, ಗುಂಡಿಲ್ಲದೆ ತೂಕ 300 ಗ್ರಾಂ ಒಳಗೆ, ಜೇಬಿಗೆ ಅದಕ್ಕಿಂತ ಸಲೀಸು ಇನ್ನೊಂದಿಲ್ಲ. ಆದ್ರೆ ಹತ್ತು ವರ್ಷ ಹೊಡೆದು ಪಳಗಿದವರ ಕೈಗೇ ಅದು ಸರಿ, ಹೊಸಬರು ಮೊದಲನೇ ಪಿಸ್ತೂಲಾಗಿ ತಗೊಂಡ್ರೆ ಹೊಡೆಯೋದನ್ನ ಕಲಿಯೋ ಮೊದಲೇ ಬೆಚ್ಚೋದನ್ನ ಕಲೀತಾರೆ.

ಇನ್ನೊಂದು ತುದೀಲಿ ಗ್ಲಾಕ್ 19. ನಾಲ್ಕಿಂಚು ನಳಿಗೆ, ಮ್ಯಾಗಜೀನ್‌ನಲ್ಲಿ 15, ಖಾಲಿ ಇದ್ದಾಗ 600 ಗ್ರಾಂ ಆಸುಪಾಸು, ಗುಂಡು ತುಂಬಿದ್ರೆ ಮುಕ್ಕಾಲು ಕೇಜಿ ದಾಟುತ್ತೆ. ಕೈಯಲ್ಲಿ ಹಿಡಿದ್ರೆ ಮೂರೂ ಬೆರಳು ನೆಟ್ಟಗೆ ಕೂರುತ್ತೆ, ಹೊಡೆಯೋಕೆ ಬಹಳ ಸುಲಭ, ಕೆಟ್ಟು ನಿಲ್ಲೋದು ಅಪರೂಪ. ಮೈಕಟ್ಟು ದಪ್ಪ ಇರೋರು, ಸಡಿಲ ಶರ್ಟ್ ಹಾಕೋರು ಇದನ್ನೇ ಒಳಗೆ ಇಟ್ಕೋತಾರೆ, ತೆಳ್ಳಗಿರೋರಿಗೆ ಟೀ ಶರ್ಟಲ್ಲಿ ಉಬ್ಬು ಕಾಣುತ್ತೆ. ಇವೆರಡರ ನಡುವೆ 2018ರಲ್ಲಿ ಸಿಗ್ ಕಂಪನಿ ಪಿ365 ಅಂತ ತಂತು, ಅಲ್ಲೀವರೆಗೆ ಆ ಅಳತೇಲಿ ಆರೋ ಏಳೋ ಗುಂಡು ಹಿಡೀತಿದ್ದ ಕಡೆ ಹತ್ತು ಹಿಡಿಯೋ ಹಾಗೆ ಮಾಡಿದ್ರು, ತೂಕ ಬರೀ ಅರ್ಧ ಕೇಜಿ. ಅದಾದ ಮೇಲೆ 2019ರಲ್ಲಿ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್, 2021ರಲ್ಲಿ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಪ್ಲಸ್, ಹಿಡಿ ಸ್ವಲ್ಪ ಉದ್ದ ಬೇಕು ಅನ್ನೋರಿಗೆ ಗ್ಲಾಕ್ 43ಎಕ್ಸ್. ಈ ನಡುಗಾತ್ರದ ಗುಂಪಲ್ಲೇ ಬಹುಪಾಲು ಜನಕ್ಕೆ ಹೊಂದೋದು ಸಿಗುತ್ತೆ. ಬೆಲೆ ಸುಮಾರು 400ರಿಂದ 600 ಡಾಲರ್ ಒಳಗೆ. ಭಾವಂಗೂ ಇದೇ ಹೇಳಿದ್ದು, ಇವುಗಳಲ್ಲಿ ಯಾವ್ದು ಅಂತ ನಾನು ಹೇಳಲ್ಲ, ನಿಮ್ಮ ಕೈ ಹೇಳುತ್ತೆ, ನಾಲ್ಕನ್ನೂ ಬಾಡಿಗೆಗೆ ತಗೊಂಡು ಐವತ್ತೈವತ್ತು ಗುಂಡು ಹೊಡೆದು ನೋಡಿ ಅಂತ.

ಒಂದು ಸಂಗತಿ ಯಾರೂ ಮೊದಲು ಹೇಳಿಕೊಡಲ್ಲ. ಬಟ್ಟೆ ಮೇಲೆ ಉಬ್ಬಿ ಕಾಣೋದು ನಳಿಗೆ ಅಲ್ಲ, ಹಿಡಿ. ನಳಿಗೆ ಪ್ಯಾಂಟ್ ಒಳಗೆ ಇಳಿದುಹೋಗುತ್ತೆ, ಅದು ಒಂದಿಂಚು ಹೆಚ್ಚು ಉದ್ದ ಇದ್ರೂ ಯಾರಿಗೂ ಗೊತ್ತಾಗಲ್ಲ, ಬದಲಿಗೆ ಉದ್ದ ಇದ್ದಷ್ಟೂ ಪಿಸ್ತೂಲ್ ಮೇಲಕ್ಕೆ ವಾಲದೆ ನೆಟ್ಟಗೆ ನಿಲ್ಲುತ್ತೆ. ಹಿಡಿ ಬೆಲ್ಟ್ ಮೇಲೆ ಇರುತ್ತೆ, ಅದರ ಹಿಂಬದಿ ಮೂಲೆ ಬಗ್ಗಿದಾಗ ಶರ್ಟನ್ನ ಗೂಟದ ಹಾಗೆ ಎತ್ತುತ್ತೆ. ಅದಕ್ಕೆ ಅಂಗಡೀಲಿ ಅಳೆಯೋವಾಗ ಹಿಡಿ ಎಷ್ಟು ಉದ್ದ, ಪಿಸ್ತೂಲ್ ಎಷ್ಟು ದಪ್ಪ, ಈ ಎರಡನ್ನ ನೋಡಿ.

ನನ್ನ ಹೆಂಡತಿ ವಿಷಯ ಹೇಳ್ತೀನಿ, ಅವಳೇ ಬರಿ ಅಂದಿದಾಳೆ. ಅವಳು ಆಸ್ಪತ್ರೇಲಿ ರಾತ್ರಿ ಪಾಳಿ ಮಾಡೋಳು. ಮೊದಲನೇ ಸಲ ಒಂದು ಅಂಗಡಿಗೆ ಹೋದಾಗ ಕೌಂಟರಲ್ಲಿದ್ದವನು ಅವಳ ಕೈ ಕೂಡ ನೋಡದೆ, ಹೆಂಗಸರಿಗೆ ಇದೇ ಸರಿ ಅಂತ ಹಗುರದ ಐದು ಗುಂಡಿನ ರಿವಾಲ್ವರ್ ತೆಗೆದು ಕೊಟ್ಟ. ನಂಗೂ ಅವತ್ತು ಅಷ್ಟು ತಿಳೀತಿರ್ಲಿಲ್ಲ, ತಗೊಂಡ್ವಿ. ರೇಂಜಲ್ಲಿ ಮೊದಲ ಐದು ಹೊಡೆದ್ಲು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕೆಂಪಗಾಯ್ತು. ಎರಡನೇ ಐದರಲ್ಲಿ ಟ್ರಿಗರ್ ಎಳೆಯೋ ಮುಂಚೆನೇ ಕಣ್ಣು ಮುಚ್ತಾ ಇದ್ಲು, 7 ಗಜದಲ್ಲಿದ್ದ ಕಾಗದಕ್ಕೆ ಹತ್ತರಲ್ಲಿ ಮೂರು ಬಿದ್ದಿತ್ತು, ಅದೂ ಎಲ್ಲಾ ಕೆಳಗೆ. ಬಂದೂಕು ಕೆಳಗಿಟ್ಟು "ಇದು ನನ್ನ ಕೈಲಿ ಆಗಲ್ಲ ಬಿಡಿ" ಅಂದ್ಲು. ಅವಳ ತಪ್ಪಲ್ಲ ಅದು. ಆ ತರದ ರಿವಾಲ್ವರು 400 ಗ್ರಾಂ ಇರುತ್ತೆ, ಟ್ರಿಗರ್ ಎಳೆಯೋಕೆ ಹತ್ತು ಹನ್ನೆರಡು ಪೌಂಡ್ ಬಲ ಬೇಕು, ಸೈಟ್ ಅನ್ನೋದು ಮೇಲಿನ ಒಂದು ಗೀರು. ಪರಿಣಿತರ ಬಂದೂಕನ್ನ ಹೊಸಬಳ ಕೈಗೆ ಕೊಟ್ಟಿದ್ದ.

ಪಕ್ಕದ ಲೇನ್‌ನಲ್ಲಿ ಪಾಠ ಹೇಳ್ತಿದ್ದ ವಯಸ್ಸಾದ ಒಬ್ಬ ಹೆಂಗಸು ಇದನ್ನೆಲ್ಲ ನೋಡಿ ಬಂದು ಒಂದು ಸಾಧಾರಣ ಗಾತ್ರದ, 9 ಎಂಎಂ ಗುಂಡಿನ ಪಿಸ್ತೂಲ್ ಕೊಟ್ರು. ನನ್ನ ಹೆಂಡತಿಗೆ ಅದರ ಸ್ಲೈಡ್, ಅಂದ್ರೆ ಮೇಲೆ ಹಿಂದೆ ಮುಂದೆ ಸರಿಯೋ ಭಾಗ, ಹಿಂದಕ್ಕೆ ಎಳೆಯೋಕೇ ಆಗ್ಲಿಲ್ಲ, ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಹಿಡಿದು ಜಗ್ಗ್ತಾ ಇದ್ಲು. ಅವ್ರು ಹೇಳಿಕೊಟ್ಟಿದ್ದು ಇಷ್ಟೇ: ಟ್ರಿಗರಿಂದ ಬೆರಳು ಹೊರಗೆ, ಬಾಯಿ ಎದುರಿನ ಗುರಿ ಕಡೆ, ಪಿಸ್ತೂಲನ್ನ ಎದೆ ಹತ್ರ ತಗೊಂಡು ಎಡಗೈಯನ್ನ ಸ್ಲೈಡ್ ಮೇಲಿಂದ ನಾಲ್ಕೂ ಬೆರಳು ಅಂಗೈ ಸೇರಿಸಿ ಗಟ್ಟಿ ಹಿಡ್ಕೊ, ಎಳೀಬೇಡ, ಬಲಗೈನ ಮುಂದಕ್ಕೆ ಗುದ್ದು. ಮೂರನೇ ಸಲಕ್ಕೆ ಬಂತು. ಆಮೇಲೆ ಅದೇ 7 ಗಜದಿಂದ ಹತ್ತು ಹೊಡೆದ್ಲು, ಒಂಬತ್ತು ಅಂಗೈ ಅಗಲದೊಳಗೆ. ಅವಳ ಮುಖ ನೋಡ್ಬೇಕಿತ್ತು. ಹೀಗೆ ಮಾಡಿದ್ರೂ ಸ್ಲೈಡ್ ಎಳೆಯೋಕೆ ಆಗದೆ ಇರೋರಿಗೆ, ಸಂಧಿವಾತ ಇರೋರಿಗೆ, ಸ್ಮಿತ್ ಅಂಡ್ ವೆಸನ್‌ನವರದೇ ಶೀಲ್ಡ್ ಈಝೀ ಅಂತ ಇದೆ, ಅದರ ಸ್ಪ್ರಿಂಗ್ ಮೆತ್ತಗೆ, .380 ಅನ್ನೋ ಅಳತೆಯ ಗುಂಡಿಂದೂ ಬರುತ್ತೆ 9 ಎಂಎಂ ದೂ ಬರುತ್ತೆ, ಅದರ ಹಿಡಿಯ ಹಿಂಬದೀಲಿ ಒಂದು ಸೇಫ್ಟಿ ಇದೆ, ಪೂರ್ತಿ ಮುಷ್ಟಿ ಹಿಡಿದ್ರೇನೇ ಗುಂಡು ಹಾರೋದು.

ಹಾಗಂತ ರಿವಾಲ್ವರ್ ಕೆಟ್ಟದು ಅಂತ ಅಲ್ಲ. ಸ್ಮಿತ್ ಅಂಡ್ ವೆಸನ್ 642, ರೂಗರ್ ಎಲ್‌ಸಿಆರ್, ಎರಡರಲ್ಲೂ ಹ್ಯಾಮರ್, ಅಂದ್ರೆ ಹಿಂದಿನ ಬಡಿಯೋ ಕೊಕ್ಕೆ, ಒಳಗೆ ಮುಚ್ಚಿರುತ್ತೆ, ಜೇಬಿಂದ ತೆಗೆಯೋವಾಗ ಬಟ್ಟೆಗೆ ಸಿಕ್ಕಲ್ಲ, ಗುಂಡು ಹಾರದೆ ಇದ್ರೆ ಮತ್ತೆ ಟ್ರಿಗರ್ ಎಳೆದ್ರೆ ಮುಂದಿನದು ಬರುತ್ತೆ. ಆದ್ರೆ ಐದೇ ಗುಂಡು, ಮತ್ತೆ ತುಂಬೋಕೆ ನಿಧಾನ, ಕಲಿಯೋಕೆ ಕಷ್ಟ. ಕಲಿಯೋ ತಾಳ್ಮೆ ಇದ್ರೆ ತಗೊಳ್ಳಿ.

ಗುಂಡಿನ ಅಳತೆ ಬಗ್ಗೆ ಜನ ಮಣಗಟ್ಟಲೆ ಜಗಳ ಆಡ್ತಾರೆ, .45 ಹೊಡೆದ್ರೆ ಆನೆ ಬೀಳುತ್ತೆ ಅನ್ನೋರೂ ಇದಾರೆ. ನಂದು ಸರಳ, 9 ಎಂಎಂ ತಗೊಳ್ಳಿ. 1986ರ ಏಪ್ರಿಲಲ್ಲಿ ಮಯಾಮಿಯಲ್ಲಿ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಏಜೆಂಟರು ಸತ್ತ ಮೇಲೆ ಎಫ್‌ಬಿಐ 9 ಎಂಎಂ ಸಾಲದು ಅಂತ 10 ಎಂಎಂಗೆ ಹೋಯ್ತು, ಅದರ ಒದೆತ ಜಾಸ್ತಿ ಅಂತ .40ಕ್ಕೆ ಬಂತು, ಕೊನೆಗೆ 2010ರ ದಶಕದಲ್ಲಿ ಮತ್ತೆ 9ಕ್ಕೇ ವಾಪಸ್. ಅಷ್ಟರಲ್ಲಿ ಗುಂಡಿನ ವಿನ್ಯಾಸನೇ ಸುಧಾರಿಸಿತ್ತು, ಜೊತೆಗೆ ಒದೆತ ಕಡಿಮೆ ಇರೋದ್ರಿಂದ ಜನ ಗುರಿ ತಪ್ಪದೆ ಹೊಡೀತಾರೆ. ನಮಗೂ ಅದೇ ಲೆಕ್ಕ. ಪ್ರಾಕ್ಟೀಸ್ ಗುಂಡೂ ಅದರದ್ದೇ ಅಗ್ಗ, ಅಗ್ಗ ಆದ್ರೇನೇ ಅಭ್ಯಾಸ ನಡೆಯೋದು. ಪ್ರಾಕ್ಟೀಸ್‌ಗೆ ಉಂಡೆ ಮೂತಿಯ ಸಾದಾ ಗುಂಡು, ಜೊತೆಗಿಟ್ಕೊಳ್ಳೋಕೆ ಹಾಲೋ ಪಾಯಿಂಟ್. ಹಾಲೋ ಪಾಯಿಂಟ್ ಅಂದ್ರೆ ಮೂತೀಲಿ ಗುಳಿ ಇರೋದು, ಬಿದ್ದ ಕಡೆ ಅರಳಿ ವೇಗ ಕಳ್ಕೊಳ್ಳುತ್ತೆ, ಆರಪಾರ ಹೋಗಿ ಹಿಂದೆ ಇರೋ ಅಮಾಯಕರಿಗೆ ತಾಗೋ ಸಾಧ್ಯತೆ ಕಡಿಮೆ. ಇಲ್ಲಿ ಇದು ಬಹಳ ಮುಖ್ಯ, ಯಾಕಂದ್ರೆ ಇಲ್ಲಿಯ ಮನೆ ಗೋಡೆ ನಮ್ಮೂರಿನ ಇಟ್ಟಿಗೆ ಗೋಡೆ ಅಲ್ಲ, ಮರದ ಚೌಕಟ್ಟಿಗೆ ಎರಡು ಕಡೆ ಶೀಟ್‌ರಾಕ್ ಅನ್ನೋ ತೆಳು ಜಿಪ್ಸಂ ಹಲಗೆ ಹೊಡೆದಿರೋದು, ಯಾವ ಪಿಸ್ತೂಲ್ ಗುಂಡಾದ್ರೂ ಅದನ್ನ ತೂರಿ ಮಕ್ಕಳು ಮಲಗಿರೋ ರೂಮಿಗೆ ಹೋಗುತ್ತೆ. ಹಾಲೋ ಪಾಯಿಂಟೂ ಹೋಗುತ್ತೆ. ಅದಕ್ಕೇ ಎದುರಿಗೆ ಏನಿದೆ ಅನ್ನೋದಕ್ಕಿಂತ ಅದರ ಹಿಂದೆ ಏನಿದೆ ಅನ್ನೋದನ್ನ ಮೊದಲು ನೋಡ್ಬೇಕು ಅಂತ ಹೇಳಿಕೊಡೋದು.

ಹೋಲ್‌ಸ್ಟರ್, ಅಂದ್ರೆ ಸೊಂಟಕ್ಕೆ ಸಿಕ್ಕಿಸೋ ಪಿಸ್ತೂಲಿನ ಕವಚ, ಅದರ ವಿಷಯದಲ್ಲಿ ದಯವಿಟ್ಟು ಜುಗ್ಗತನ ಮಾಡ್ಬೇಡಿ. 600 ಡಾಲರ್ ಪಿಸ್ತೂಲ್ ತಗೊಂಡು 15 ಡಾಲರ್‌ನ ಬಟ್ಟೆ ಚೀಲದಲ್ಲಿ ಇಡೋರನ್ನ ಕಂಡ್ರೆ ನಂಗೆ ಹೊಟ್ಟೆ ಹಿಂಡುತ್ತೆ. ಈಗಿನ ಪಿಸ್ತೂಲುಗಳಲ್ಲಿ ಬಹಳಷ್ಟಕ್ಕೆ ಹೊರಗಡೆ ಸೇಫ್ಟಿ ಬಟನ್ ಇರಲ್ಲ, ಟ್ರಿಗರ್ ಒತ್ತಿದ್ರೆ ಹಾರುತ್ತೆ, ಅಷ್ಟೇ. ಹಾಗಾಗಿ ಹೋಲ್‌ಸ್ಟರೇ ನಿಮ್ಮ ಸೇಫ್ಟಿ. ಆ ಮಾಡೆಲ್‌ಗೇ ಅಂತ ಅಚ್ಚು ಹೊಯ್ದ ಕೈಡೆಕ್ಸ್ (ಒಂದು ಥರ ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ತಗೊಳ್ಳಿ, ಟ್ರಿಗರ್ ಭಾಗ ಪೂರ್ತಿ ಮುಚ್ಚಿರ್ಬೇಕು, ತಲೆಕೆಳಗೆ ಮಾಡಿ ಅಲ್ಲಾಡಿಸಿದ್ರೂ ಖಾಲಿ ಪಿಸ್ತೂಲ್ ಬೀಳಬಾರದು, ಪಿಸ್ತೂಲ್ ತೆಗೆದ ಮೇಲೆ ಬಾಯಿ ಮುದುಡಬಾರದು. ಜೊತೆಗೆ ಗಟ್ಟಿ ಬೆಲ್ಟ್, ಆಫೀಸಿಗೆ ಹಾಕೋ ಮೆತ್ತನೆ ಬೆಲ್ಟ್ ಮಧ್ಯಾಹ್ನದ ಹೊತ್ತಿಗೆ ಜೋತುಬೀಳುತ್ತೆ. ವಾಪಸ್ ಹೋಲ್‌ಸ್ಟರಿಗೆ ಹಾಕೋವಾಗಲೇ ಹೆಚ್ಚು ಅನಾಹುತ, ಶರ್ಟಿನ ಅಂಚೋ ಜಾಕೆಟ್ ದಾರವೋ ಟ್ರಿಗರ್‌ಗೆ ಸಿಕ್ಕೊಳ್ಳುತ್ತೆ. ನಿಧಾನಕ್ಕೆ, ಕಣ್ಣಲ್ಲಿ ನೋಡ್ಕೊಂಡು, ಬಟ್ಟೆ ಪಕ್ಕಕ್ಕೆ ಹಿಡಿದು ಇಳಿಸಿ, ಆಗ ಅವಸರ ಮಾಡೋ ಕಾರಣನೇ ಇಲ್ಲ.

ಎಲ್ಲಿ ಇಟ್ಕೊಳ್ಳೋದು ಅನ್ನೋದು ಮೈಕಟ್ಟಿನ ಮೇಲೆ. ನಾನು ಬಲ ಸೊಂಟದ ಹಿಂದೆ, ಗಡಿಯಾರದಲ್ಲಿ ನಾಲ್ಕು ಗಂಟೆ ಇರೋ ಕಡೆ. ಹೊಟ್ಟೆ ಮುಂದೆ ಇಟ್ಕೊಳ್ಳೋದು ಬೇಗ ಕೈಗೆ ಸಿಗುತ್ತೆ, ಆದ್ರೆ ಬಾಯಿ ತೊಡೆಯ ರಕ್ತನಾಳದ ಕಡೆ ಇರುತ್ತೆ, ಪಳಗೋವರೆಗೂ ಬೇಡ ಅಂತೀನಿ. ನಮ್ಮ ಉಡುಪಿಗೆ ಬಂದ್ರೆ ಜುಬ್ಬಾ ಮುಚ್ಚೋಕೆ ಚೆನ್ನಾಗಿರುತ್ತೆ ಆದ್ರೆ ಮೊಣಕಾಲುದ್ದದ್ದನ್ನ ಎತ್ತಿ ಕೈ ಹಾಕೋ ಹೊತ್ತಿಗೆ ಕಥೆ ಮುಗಿದಿರುತ್ತೆ, ಮನೇಲಿ ನಿಂತು ಖಾಲಿ ಪಿಸ್ತೂಲಲ್ಲಿ ಒಂದು ಸಲ ಮಾಡಿ ನೋಡಿ ಗೊತ್ತಾಗುತ್ತೆ. ಚೌಕುಳಿ ಶರ್ಟು, ಗಾಢ ಬಣ್ಣ ಉಬ್ಬನ್ನ ಮರೆಸುತ್ತೆ, ತೆಳು ಬಿಳಿ ಟೀ ಶರ್ಟ್ ಎಲ್ಲಾ ತೋರಿಸುತ್ತೆ. ಸೀರೆ ಚೂಡಿದಾರಕ್ಕೆ ಬೆಲ್ಟೇ ಇಲ್ಲ, ಸೊಂಟಕ್ಕೆ ಸುತ್ತೋ ಬ್ಯಾಂಡಲ್ಲಿ ಗಟ್ಟಿ ಪ್ಲಾಸ್ಟಿಕ್ ಕವಚ ಇರೋದು ಸಿಗುತ್ತೆ, ಅದು ಪರವಾಗಿಲ್ಲ. ವ್ಯಾನಿಟಿ ಬ್ಯಾಗು ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ, ಬ್ಯಾಗ್ ಶಾಪಿಂಗ್ ಕಾರ್ಟಲ್ಲಿ ಬಿಡ್ತೀವಿ, ಸೋಫಾ ಮೇಲೆ ಎಸೀತೀವಿ, ಮಗು ಚಾಕ್ಲೇಟ್ ಹುಡುಕೋಕೆ ಕೈ ಹಾಕುತ್ತೆ. ದೇವಸ್ಥಾನಕ್ಕೆ ಹೋಗೋ ದಿನ ನಾನು ಮನೇಲೇ ಬಿಟ್ಟು ಹೋಗ್ತೀನಿ, ಉದ್ದಂಡ ನಮಸ್ಕಾರ ಹಾಕೋ ಜಾಗ ಅದು. ಮತ್ತೆ ಹೊರಗಡೆ ಟಾಯ್ಲೆಟ್‌ಗೆ ಹೋದಾಗ ಪಿಸ್ತೂಲನ್ನ ತೆಗೆದು ಪೇಪರ್ ಡಬ್ಬದ ಮೇಲೆ ಇಡೋ ಅಭ್ಯಾಸ ಮಾಡ್ಕೋಬೇಡಿ, ಮರೆತು ಬರೋದು ಅಲ್ಲೇ. ಹೋಲ್‌ಸ್ಟರಲ್ಲೇ ಇರಲಿ, ಪ್ಯಾಂಟನ್ನ ಮೊಣಕಾಲ ಮೇಲೆ ಬಿಗಿಯಾಗಿ ಹಿಡ್ಕೊಂಡಿರಿ.

ಚೇಂಬರಲ್ಲಿ, ಅಂದ್ರೆ ನಳಿಗೆಯ ಹಿಂತುದೀಲಿ, ಹಾರೋಕೆ ಸಿದ್ಧವಾಗಿ ಗುಂಡು ಹಾಕಿ ಇಟ್ಕೋಬೇಕಾ ಅಂತ ಎಲ್ಲರೂ ಕೇಳ್ತಾರೆ. ಪಳಗಿದವರು ಹಾಕ್ಕೊಂಡೇ ಇರ್ತಾರೆ, ಹೊತ್ತಿಗೆ ಎರಡೂ ಕೈ ಖಾಲಿ ಇರುತ್ತೆ ಅಂತ ಹೇಳೋಕಾಗಲ್ಲ ಅಂತ. ಆದ್ರೆ ನಿಮಗೆ ಇನ್ನೂ ಎದೆ ಢವಢವ ಅನ್ನುತ್ತೆ ಅಂದ್ರೆ ಎರಡು ವಾರ ಗುಂಡೇ ಇಲ್ದೆ ಖಾಲಿ ಪಿಸ್ತೂಲನ್ನ ಹೋಲ್‌ಸ್ಟರಲ್ಲಿ ಹಾಕ್ಕೊಂಡು ಮನೇಲಿ ಓಡಾಡಿ, ಪಾತ್ರೆ ತೊಳೀರಿ, ಕೂತೇಳಿ, ಬಗ್ಗಿ, ಸಂಜೆ ನೋಡಿ ಟ್ರಿಗರ್ ತಾನಾಗೇ ಒತ್ತಿದೆಯಾ ಅಂತ. ಒತ್ತಿರಲ್ಲ. ಆಗ ಧೈರ್ಯ ಬರುತ್ತೆ. ಹೆಬ್ಬೆರಳ ಸೇಫ್ಟಿ ಇರೋ ಮಾಡೆಲ್ ಇಷ್ಟ ಅನ್ನೋರು ತಗೊಳ್ಳಿ, ಆದ್ರೆ ಪ್ರತಿ ಸಲ ಪಿಸ್ತೂಲ್ ಎತ್ತುವಾಗ್ಲೂ ಅದನ್ನ ಇಳಿಸೋದು ಕೈಗೆ ರೂಢಿ ಆಗ್ಬೇಕು, ಇಲ್ದಿದ್ರೆ ಬೇಕಾದ ಕ್ಷಣದಲ್ಲಿ ಒತ್ತಿ ಒತ್ತಿ ಏನೂ ಆಗ್ತಿಲ್ಲ ಅಂತ ನಿಂತಿರ್ತೀರಾ.

ತಂದ ದಿನವೇ ಸೊಂಟಕ್ಕೆ ಸಿಕ್ಕಿಸ್ಬೇಡಿ. ಮೊದಲು 200 ಸಾದಾ ಗುಂಡು, ಆಮೇಲೆ ನೀವು ಜೊತೆಗಿಡೋ ಹಾಲೋ ಪಾಯಿಂಟೇ ಒಂದು ಐವತ್ತು ಹೊಡೀರಿ, ಒಂದೂ ಸಿಕ್ಕಾಕೊಳ್ಳದೆ ಹೋದ್ರೆ ನಂಬಿ. ಮಣಿಕಟ್ಟು ಸಡಿಲ ಬಿಟ್ರೆ ಚಿಕ್ಕ ಪಿಸ್ತೂಲುಗಳು ಅರ್ಧಕ್ಕೆ ನಿಲ್ತವೆ, ಆಗ ಮ್ಯಾಗಜೀನ್ ತಳಕ್ಕೆ ಒಂದು ಏಟು ಕೊಟ್ಟು ಸ್ಲೈಡ್ ಎಳೆದು ಬಿಡೋದು, ಇದನ್ನ ಕಣ್ಣು ಮುಚ್ಕೊಂಡು ಮಾಡೋ ಹಾಗಿರ್ಬೇಕು. ಆಮೇಲೆ ತಿಂಗಳಿಗೆ ಒಂದು ಸಲ ಐವತ್ತು ಗುಂಡು. ಭಾವಂಗೆ ಇನ್ನೊಂದೂ ಹೇಳಿದೀನಿ, ದುಡ್ಡಿನ ಚೀಲ ಕೇಳಿದ್ರೆ ಚೀಲ ಕೊಟ್ಬಿಡಿ ಅಂತ. ಎರಡು ಸಾವಿರ ಡಾಲರ್ ಮತ್ತೆ ದುಡೀಬಹುದು, ಗುಂಡು ಹಾರಿಸಿದ ಮೇಲೆ ಕೋರ್ಟು ವಕೀಲರು ನಿದ್ದೆ ಇಲ್ಲದ ರಾತ್ರಿ, ಅದ್ಯಾವುದೂ ವಾಪಸ್ ಬರಲ್ಲ. ಪ್ರಾಣಕ್ಕೇ ಬಂದಾಗ, ಓಡೋಕೂ ದಾರಿ ಇಲ್ದಾಗ ಮಾತ್ರ ಅದು ಹೊರಗೆ ಬರೋದು.

ಮನೆಗೆ ಬಂದ ಮೇಲೆ ಬೆಡ್ ಪಕ್ಕದ ಡ್ರಾಯರ್ ಅಲ್ಲ, ದಿಂಬಿನ ಕೆಳಗಲ್ಲ, ಬೀಗ ಇರೋ ಸೇಫ್. ಬಟನ್ ಒತ್ತಿ ತೆಗೆಯೋ ಚಿಕ್ಕ ಸೇಫ್ 100 ಡಾಲರ್‌ಗೆ ಸಿಗುತ್ತೆ, ಗೋಡೆಗೋ ಮಂಚಕ್ಕೋ ಬೋಲ್ಟ್ ಹಾಕಿ ಕೂರಿಸಿ. ಟೆಕ್ಸಾಸಲ್ಲಿ 17 ವರ್ಷದ ಒಳಗಿನ ಮಗು ಕೈಗೆ ತುಂಬಿದ ಗನ್ ಸಿಗೋ ಹಾಗೆ ಬಿಟ್ರೆ ಅದೇ ಅಪರಾಧ. ಕಾನೂನು ಬಿಡಿ, ನಮ್ಮ ಮನೆಗಳಿಗೆ ವಾರಾಂತ್ಯಕ್ಕೆ ನಾಲ್ಕು ಸಂಸಾರ ಬರುತ್ತೆ, ಮಕ್ಕಳೆಲ್ಲ ಮಹಡಿ ಮೇಲೆ ಓಡಿ ಎಲ್ಲಾ ಬಾಗಿಲು ತೆಗೀತಾರೆ, ನಿಮ್ಮ ಮಗುಗೆ ಹೇಳಿಕೊಟ್ಟಿದ್ರೂ ಅವ್ರ ಮಗುಗೆ ಯಾರು ಹೇಳಿಕೊಟ್ಟಿರ್ತಾರೆ. ರಾತ್ರಿ ಕಾರಲ್ಲಿ ಬಿಟ್ಟು ಒಳಗೆ ಬರ್ಬೇಡಿ, ಕಾರಿನ ಗಾಜು ಒಡೆಯೋಕೆ ಎರಡು ಸೆಕೆಂಡ್ ಸಾಕು.

ಊರಿಗೆ ಹೋಗೋರಿಗೆ ಒಂದು ಮಾತು. ರೇಂಜಿಗೆ ತಗೊಂಡು ಹೋಗೋ ಬ್ಯಾಗು ಬೇರೆನೇ ಇರಲಿ, ಅದರಲ್ಲಿ ಯಾವತ್ತೂ ಬಟ್ಟೆ ತುಂಬ್ಬೇಡಿ. ಎಲ್ಲೋ ಮೂಲೆ ಜೇಬಲ್ಲಿ ಒಂದೇ ಒಂದು ಜೀವಂತ ಗುಂಡು ಉಳಿದಿದ್ರೂ ಬೆಂಗಳೂರು ಏರ್‌ಪೋರ್ಟ್ ಸ್ಕ್ಯಾನರಲ್ಲಿ ಕಾಣುತ್ತೆ, ಅಲ್ಲಿ ಅದು ಆರ್ಮ್ಸ್ ಆಕ್ಟ್ ಕೇಸು. ಗೊತ್ತಿಲ್ದೆ ಇತ್ತು ಅಂತ ಹೈಕೋರ್ಟ್‌ಗಳು ಎಷ್ಟೋ ಕೇಸು ರದ್ದು ಮಾಡಿವೆ, ಆದ್ರೆ ಅಲ್ಲೀವರೆಗೆ ಫ್ಲೈಟ್ ಹೋಗಿರುತ್ತೆ, ಸ್ಟೇಷನ್ ಬೆಂಚಿನ ಮೇಲೆ ಕೂತಿರ್ತೀರಾ, ಊರಲ್ಲಿ ಅಮ್ಮ ಫೋನ್ ಹಿಡ್ಕೊಂಡು ಕಾಯ್ತಿರ್ತಾರೆ. ಹೊರಡೋ ಹಿಂದಿನ ರಾತ್ರಿ ಸೂಟ್‌ಕೇಸಿನ ಜಿಪ್ ಪೂರ್ತಿ ಬಿಚ್ಚಿ, ಲೈನಿಂಗ್ ಒಳಗೂ ಕೈ ಹಾಕಿ ತಡಕಿ ನೋಡಿ. ಜಾಕೆಟ್ ಜೇಬೂ ನೋಡಿ.